ಮನೆಹಲ್ಲು

ನಮ್ಮೂರಿನ ಗಂಡಸರ ಹಲ್ಲುಗಳನ್ನು ನೀವು ನೋಡಬೇಕು. ಎಂಬತ್ತು ದಾಟಿದ ಮುದುಕ ಕಬ್ಬಿನ ಜಲ್ಲೆಯನ್ನು ಹಲ್ಲಿನಲ್ಲೇ ಸಿಗಿದು ತಿನ್ನುತ್ತಾನೆ. ಸೋಡಾ ಬಾಟಲಿಯ ಮುಚ್ಚಳ ತೆಗೆಯಲು ಇಲ್ಲಿನ ಯಾವ ಅಂಗಡಿಯಲ್ಲೂ ಓಪನರ್ ಇಟ್ಟಿಲ್ಲ, ಗಿರಾಕಿಯ ದವಡೆಯೇ ಸಾಕು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುವ ಗಾದೆ ಬೇರೆ ಊರಿನದು. ನಮ್ಮಲ್ಲಿ ಗಂಡಸರಿಗೆ ಎರಡೂ ಇವೆ. ಹೆಂಗಸರು ಮಾತ್ರ ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಾರೆ. ಹೊರಗಿನಿಂದ ಬಂದವರು ಅದನ್ನು ನೋಡಿ ಎಷ್ಟು ನಾಚಿಕೆ, ಎಷ್ಟು ಮರ್ಯಾದೆ ಎಂದು ಹೊಗಳಿ ಹೋಗುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ವಿಷಯ ಇಷ್ಟೇ. ನಮ್ಮೂರಿನಲ್ಲಿ ಸಿಹಿ ತಿಂದವರ ಹಲ್ಲು ಹುಳುಕಾಗುವುದಿಲ್ಲ, ಅವರ ತಟ್ಟೆ ತೊಳೆದವರ ಹಲ್ಲು ಹುಳುಕಾಗುತ್ತದೆ. ಬಾಳೆಯೆಲೆಯಲ್ಲಿ ಉಂಡರೆ ಎಲೆ ಎತ್ತಿದವರಿಗೆ ಬರುತ್ತದೆ. ತೊಳೆಯುವವಳ ಬಾಯಲ್ಲಿ ಒಂದೂ ಹಲ್ಲು ಉಳಿಯದಿದ್ದರೆ ಮಾತ್ರ ಹುಳುಕು ತಿಂದವನಿಗೇ ವಾಪಸು ಹೋಗುತ್ತದೆ. ಆದ್ದರಿಂದ ತಾಯಿಯ ಬಾಯಲ್ಲಿ ಎರಡು ಹಲ್ಲು ಉಳಿಯಿತೆಂದರೆ ಮಗನಿಗೆ ಹೆಣ್ಣು ಹುಡುಕಲು ಹೊರಡುತ್ತಾರೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹಾಡು ಹೇಳಿಸುವ ಪದ್ಧತಿ ನಮ್ಮಲ್ಲಿಲ್ಲ, ಎತ್ತಿನ ಸಂತೆಯಲ್ಲಿ ಮಾಡುವಂತೆ ಬಾಯಿ ತೆರೆಸಿ ಎಣಿಸುತ್ತಾರೆ. ಸೊಸೆ ಬಂದ ಮೇಲೆ ಅತ್ತೆಗೆ ತಟ್ಟೆಯ ಕೆಲಸ ತಪ್ಪುತ್ತದೆ. ಆದರೂ ಅವಳ ಬಾಯಲ್ಲಿ ಒಂದು ಹಲ್ಲನ್ನಾದರೂ ಮನೆಯವರು ಜೋಪಾನ ಮಾಡಿ ಉಳಿಸಿಕೊಳ್ಳುತ್ತಾರೆ. ಸೊಸೆ ತವರಿಗೆ ಹೋದಾಗ ತಟ್ಟೆ ತೊಳೆಯಲು ಹಲ್ಲಿರುವ ಒಬ್ಬಳು ಬೇಕಲ್ಲ! ಆ ಹಲ್ಲಿಗೆ ಮನೆಹಲ್ಲು ಎಂದು ಹೆಸರು. ಉಳ್ಳವರು ಅದಕ್ಕೆ ಬೆಳ್ಳಿಯ ಟೊಪ್ಪಿಗೆ ಹಾಕಿಸುತ್ತಾರೆ. ಮನೆಹಲ್ಲಿನ ಮುದುಕಿಗೆ ಮೆತ್ತಗಿನ ಅನ್ನ, ಕಾಯಿಸಿದ ಹಾಲು. ಇದೆಲ್ಲ ಹೆತ್ತವಳ ಮೇಲಿನ ಪ್ರೀತಿ ಎಂದು ಊರಿಗೆ ಊರೇ ನಂಬಿದೆ.

ನಾನು ಈ ಊರಿನ ಹಲ್ಲಿನ ಡಾಕ್ಟರು. ಹೆಸರು ಹಾಲಪ್ಪ, ಊರವರ ಬಾಯಲ್ಲಿ ಹಲ್ಲಪ್ಪ. ಓದಿದ್ದು ದೂರದ ಪಟ್ಟಣದಲ್ಲಿ. ಅಲ್ಲಿ ತಿಂದವನ ಹಲ್ಲೇ ಹುಳುಕಾಗುವುದನ್ನು ಕಂಡು ಮೊದಲ ವರ್ಷವೆಲ್ಲ ಬೆರಗಾಗಿದ್ದೆ. ಹಲ್ಲಿನ ಸಂದಿಯಲ್ಲಿ ಅಂಟಿಕೊಳ್ಳುವ ಸಕ್ಕರೆ, ಬೆಲ್ಲ, ಅದನ್ನು ತಿಂದು ಹುಳಿ ಕಾರುವ ಕಣ್ಣಿಗೆ ಕಾಣದ ಜೀವಿಗಳು, ಆ ಹುಳಿಗೆ ದಿನದಿನವೂ ಕರಗುವ ಹಲ್ಲಿನ ಗಟ್ಟಿ ಮೇಲ್ಪದರ, ಎಲ್ಲವನ್ನೂ ಬಾಯಿಪಾಠ ಮಾಡಿ ಪಾಸಾದೆ. ಊರಿಗೆ ಬಂದು ಬೋರ್ಡು ಹಾಕಿದೆ. ಅವ್ವ ವಾರಕ್ಕೆ ಮೂರು ದಿನ ಹೋಳಿಗೆ ಮಾಡಿ ಬಡಿಸಿದಳು. ಎರಡು ವರ್ಷ ತಿಂದೆ, ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದೆ. ಒಂದು ಬೆಳಿಗ್ಗೆ ನನ್ನ ದವಡೆ ಹಲ್ಲು ಸಿಡಿಯತೊಡಗಿತು. ಅದರ ಅರ್ಥ ಏನೆಂದು ಹೊಳೆಯಲು ಅರ್ಧ ಗಂಟೆ ಬೇಕಾಯಿತು. ಅಡುಗೆಮನೆಗೆ ಹೋಗಿ, ಅವ್ವಾ ಬಾಯಿ ತೆಗಿ ಎಂದೆ. ಅವಳು ಸೆರಗು ಸರಿಸಿ ಬಾಯಿ ತೆರೆದಳು. ಒಂದೂ ಇರಲಿಲ್ಲ. ಊರವರ ಬಾಯಿಗೆಲ್ಲ ಟಾರ್ಚು ಬಿಟ್ಟು ನೋಡುತ್ತಿದ್ದವನು ಹೆತ್ತವಳ ಬಾಯಿಯನ್ನು ಒಮ್ಮೆಯೂ ನೋಡಿರಲಿಲ್ಲ.

ಅಂದಿನಿಂದ ನನ್ನ ತಟ್ಟೆಯನ್ನು ನಾನೇ ತೊಳೆಯುತ್ತೇನೆ. ಅವ್ವ ತೀರಿಕೊಂಡು ಎಂಟು ವರ್ಷವಾಯಿತು, ಮದುವೆಯ ಗೋಜಿಗೆ ನಾನು ಹೋಗಲಿಲ್ಲ. ಬುದ್ಧಿ ಬರುವ ಮೊದಲು ತಿಂದದ್ದರ ಗುರುತಾಗಿ ನನ್ನ ಹಲ್ಲುಗಳು ನಾಲ್ಕು ಕಡೆ ಕಪ್ಪಾಗಿವೆ. ಊರಿನಲ್ಲಿ ಹುಳುಕು ಹಲ್ಲಿನ ಗಂಡಸು ನಾನೊಬ್ಬನೇ. ತನ್ನ ಹಲ್ಲನ್ನೇ ನೆಟ್ಟಗೆ ಇಟ್ಟುಕೊಳ್ಳಲಾರದವನು ಪರರ ಹಲ್ಲು ಏನು ನೋಡಿಯಾನು ಎಂದು ಅರಳಿಕಟ್ಟೆಯ ಮೇಲೆ ಕೂತವರು ಹಲ್ಲು ಕಿರಿಯುತ್ತಾರೆ.

ನನ್ನ ಆಸ್ಪತ್ರೆಯಲ್ಲಿ ಎರಡು ಕುರ್ಚಿಗಳಿವೆ. ಒಂದು ನೋವಿರುವವಳಿಗೆ, ಇನ್ನೊಂದು ಅವಳ ತಟ್ಟೆಯವರಿಗೆ. ಯಾರು ಉಂಡ ತಟ್ಟೆಯನ್ನು ಅವಳು ತೊಳೆಯುತ್ತಾಳೋ ಅವರು ಅವಳ ತಟ್ಟೆಯವರು. ಉಜ್ಜಬೇಕಾದ್ದು ಅವರ ಬಾಯಿ. ಆದರೆ ನಮ್ಮೂರಿನಲ್ಲಿ ಉಜ್ಜುವವರು ಹೆಂಗಸರು. ಉಪ್ಪು, ಇದ್ದಿಲು, ಬೇವಿನ ಕಡ್ಡಿ, ಪೇಸ್ಟು ಎಂದು ದಿನಕ್ಕೆ ಐದು ಸಲ ಒಸಡು ಕಿತ್ತುಬರುವಂತೆ ಉಜ್ಜುತ್ತಾರೆ, ಆದರೂ ಹಲ್ಲು ಹೋಗುತ್ತದೆ. ಗಂಡಸರು ಬೆಳಿಗ್ಗೆ ಎದ್ದು ಒಂದು ಬಾಯಿ ನೀರು ಮುಕ್ಕಳಿಸಿ ಉಗುಳಿದರೆ ಆಯಿತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕತೆ! ಮುಂದಿನ ಸಲ ತಟ್ಟೆಯವರನ್ನು ಕರೆದುಕೊಂಡು ಬಾ ಎಂದು ಪ್ರತಿಯೊಬ್ಬಳಿಗೂ ಚೀಟಿ ಬರೆದುಕೊಡುತ್ತೇನೆ. ಹದಿನಾಲ್ಕು ವರ್ಷಗಳಲ್ಲಿ ಆ ಎರಡನೆಯ ಕುರ್ಚಿಯ ಮೇಲೆ ಕೂತದ್ದು ನನ್ನ ಬೆಕ್ಕು ಮಾತ್ರ.

ಆ ಚೀಟಿಯನ್ನು ಅತಿ ಹೆಚ್ಚು ಸಲ ತೆಗೆದುಕೊಂಡು ಹೋದವಳು ದಾಕ್ಷಾಯಿಣಿ. ನನ್ನ ಆಸ್ಪತ್ರೆಯ ಎದುರಿಗಿರುವ ಶಾಲೆಯಲ್ಲಿ ಒಂದನೇ ತರಗತಿಯ ಟೀಚರು, ವಯಸ್ಸು ಮೂವತ್ತನಾಲ್ಕು. ದವಡೆ ಹಲ್ಲುಗಳು ಆಗಲೇ ಹೋಗಿದ್ದವು, ಉಳಿದದ್ದು ಮುಂದಿನ ಎಂಟು. ನಮ್ಮ ಶಾಲೆಯಲ್ಲಿ ಅಕ್ಷರ ಕಲಿಸುವ ಹೆಂಗಸು ಅಂತ ಉಳಿದಿದ್ದವಳೂ ಅವಳೊಬ್ಬಳೇ. ತ ಥ ದ ಧ ನ ಎನ್ನಬೇಕಾದರೆ ನಾಲಿಗೆಯ ತುದಿ ಮೇಲಿನ ಹಲ್ಲಿಗೆ ತಾಗಬೇಕು, ಅದಕ್ಕೇ ಅಲ್ಲವೆ ಅವುಗಳಿಗೆ ದಂತ್ಯ ಎಂದು ಹೆಸರು? ಮುಂಬಲ್ಲು ಹೋದ ಟೀಚರುಗಳನ್ನು ಒಬ್ಬೊಬ್ಬರನ್ನಾಗಿ ತೆಗೆದು, ಮಿಂಚುವ ಹಲ್ಲಿನ ಮೇಷ್ಟ್ರುಗಳನ್ನು ಹಾಕಿದ್ದರು. ದಾಕ್ಷಾಯಿಣಿ ಕನ್ನಡಿಯ ಮುಂದೆ ನಿಂತು ತನ್ನ ಹೆಸರನ್ನೇ ಹೇಳಿ ಹೇಳಿ ನೋಡಿಕೊಳ್ಳುತ್ತಿದ್ದಳು. ದ ಸರಿಯಾಗಿ ಬಂತೆಂದರೆ ಆ ದಿನ ಕ್ಷೇಮ.

ಅವಳ ಗಂಡ ಮುರಿಗೆಪ್ಪನದು ಮೈಕ್‌ಸೆಟ್ ಅಂಗಡಿ. ಮದುವೆ, ಸಭೆ ಎಲ್ಲಿದ್ದರೂ ಅವನ ಧ್ವನಿ ಊರಿಗೆಲ್ಲ ಕೇಳಬೇಕು. ಅಕ್ಷರ ಒಂದೊಂದೂ ಗಂಟೆ ಹೊಡೆದಂತೆ ಸ್ಪಷ್ಟ. ಅವನಿಗೆ ಇದ್ದ ಒಂದೇ ಚಟ ಕಮರಕಟ್ಟು. ಬೆಲ್ಲದ ಪಾಕದ ಆ ಗಟ್ಟಿ ಉಂಡೆಯೊಂದನ್ನು ಸದಾ ಕೆನ್ನೆಯೊಳಗೆ ಇಟ್ಟುಕೊಂಡಿರುತ್ತಿದ್ದ, ಮಲಗುವಾಗಲೂ. ರಾತ್ರಿಯಿಡೀ ಅದು ಅವನ ಬಾಯಲ್ಲಿ ಕರಗುತ್ತಿತ್ತು, ಇವಳ ಬಾಯಲ್ಲಿ ಕೊರೆಯುತ್ತಿತ್ತು. ಆ ವರ್ಷ ಅವಳ ಮೂರು ಹಲ್ಲುಗಳ ಹುಳುಕನ್ನು ಕೊರೆದು ತೆಗೆದು ತುಂಬಿದ್ದೆ. ಮೂರನೆಯದನ್ನು ತುಂಬುವಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ.

“ನಾನು ಮುಚ್ಚೋದು, ಅವನು ತೋಡೋದು. ಹೀಗಾದ್ರೆ ಯಾವ ಡಾಕ್ಟ್ರು ಏನು ಮಾಡ್ತಾನಮ್ಮ? ಅವನನ್ನ ಯಾಕೆ ಕರ್ಕೊಂಡು ಬರಲ್ಲ ನೀನು?”

“ಕರೆದೆ ಸಾರ್. ನನ್ ಹಲ್ಲಿಗೆ ಏನಾಗೈತೆ ಅಂತ ಬರ್ಲಿ ಅಂತಾರೆ.”

ಇನ್‌ಸ್ಪೆಕ್ಟರು ಶಾಲೆಯ ತನಿಖೆಗೆ ಬಂದ ದಿನ ಮಕ್ಕಳ ಹಲ್ಲು ನೋಡಲು ನಾನೂ ಅಲ್ಲಿದ್ದೆ. ನೋಡುವುದಕ್ಕೇನಿದೆ, ಮಕ್ಕಳ ಹಲ್ಲು ಹಾಲಿನಷ್ಟು ಬೆಳ್ಳಗಿದ್ದವು, ತೊಳೆಯುವ ತಾಯಂದಿರು ಮನೆಯಲ್ಲಿದ್ದರಲ್ಲ. ಹಿಂದಿನ ವಾರ ಮುರಿಗೆಪ್ಪ ಮೂರು ಮದುವೆಗಳಿಗೆ ಮೈಕ್ ಹಾಕಿದ್ದ. ಪ್ರತಿ ಮದುವೆಯಿಂದಲೂ ಲಾಡು, ಚಿರೋಟಿ ಕಟ್ಟಿಸಿಕೊಂಡು ಬಂದು ಮನೆಯ ತಟ್ಟೆಯಲ್ಲೇ ಸಾವಕಾಶವಾಗಿ ತಿಂದಿದ್ದ. ತನಿಖೆಯ ದಿನ ಬೆಳಿಗ್ಗೆ ದಾಕ್ಷಾಯಿಣಿ ರೊಟ್ಟಿ ಮುರಿದು ಬಾಯಿಗಿಟ್ಟಾಗ, ಒಳಗಿಂದೊಳಗೇ ಟೊಳ್ಳಾಗಿದ್ದ ಮೇಲಿನ ಮುಂಬಲ್ಲು ಕಟ್ಟೆಂದು ಮುರಿಯಿತು. ಆದರೂ ಅವಳು ಶಾಲೆಗೆ ಬಂದಳು.

ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, “ಎಲ್ಲಿ, ತ ವರ್ಗ ಹೇಳಿಸಿ ನೋಡೋಣ,” ಎಂದರು. ದಾಕ್ಷಾಯಿಣಿ ಬೋರ್ಡಿನ ಮೇಲೆ ದುಂಡಗೆ ತ ಬರೆದಳು. ಬಾಯಿ ತೆರೆದು ಹೇಳಿದಳು. ಸಂದಿಯಲ್ಲಿ ಗಾಳಿ ಸೋರಿ ಅದು ಫ ಆಯಿತು. ನಲವತ್ತು ಮಕ್ಕಳು ಟೀಚರು ಹೇಳಿದ್ದನ್ನು ಒಂದಿಷ್ಟೂ ಹೆಚ್ಚುಕಡಿಮೆ ಮಾಡದೆ, “ಫ!” ಎಂದು ಕೂಗಿದವು. “ತಟ್ಟೆ” ಎಂದು ಬರೆದು ಓದಿದಳು. “ಫಟ್ಟೆ!” ಎಂದವು. ಪಾಪ, ಅವಕ್ಕೆ ಟೀಚರ ಮೇಲೆ ಅಷ್ಟು ನಂಬಿಕೆ. ಇನ್‌ಸ್ಪೆಕ್ಟರು ಮೂವತ್ತೆರಡು ಹಲ್ಲನ್ನೂ ತೋರಿಸಿ ನಕ್ಕರು. ಹೆಡ್‌ಮಾಸ್ತರೂ ನಕ್ಕರು.

“ಹೆಂಗಸರಿಗೆ ಹಲ್ಲುಜ್ಜೋ ಅಭ್ಯಾಸ ಕಲಿಸಬೇಕು ರೀ ಮೊದಲು. ದಸರಾ ರಜೆ ಮುಗಿದ ಮೇಲೆ ಮತ್ತೆ ಬರ್ತೀನಿ. ಅಷ್ಟರಲ್ಲಿ ತ ಬಂದ್ರೆ ಸರಿ. ಇಲ್ಲದಿದ್ರೆ ಇವರನ್ನ ಬಿಸಿಯೂಟದ ತಟ್ಟೆ ತೊಳೆಯೋಕೆ ಹಾಕಿ. ಅಲ್ಲಿ ಮಾತಾಡೋ ಅಗತ್ಯ ಇಲ್ಲ.”

ಇನ್ನೂರು ಮಕ್ಕಳ ತಟ್ಟೆ! ಅಲ್ಲಿ ತೊಳೆಯುತ್ತಿದ್ದ ಹೆಂಗಸಿನ ಬಾಯಲ್ಲಿ ಒಂದೇ ಒಂದು ಹಲ್ಲು ಉಳಿದು, ಹೊಸಬಳನ್ನು ಹುಡುಕುತ್ತಿದ್ದರು. ಅದು ನನಗೆ ಗೊತ್ತಿತ್ತು, ದಾಕ್ಷಾಯಿಣಿಗೂ ಗೊತ್ತಿತ್ತು. ಅಲ್ಲಿಗೆ ಹೋದರೆ ಉಳಿದ ಏಳು ಹಲ್ಲು ಒಂದು ವರ್ಷ ಬಾಳುತ್ತಿರಲಿಲ್ಲ, ಅಕ್ಷರ ಕಲಿಸುವ ಮಾತಂತೂ ಮುಗಿದೇ ಹೋಗುತ್ತಿತ್ತು. ಅವಳು ಬೋರ್ಡಿನ ಕಡೆ ತಿರುಗಿ, ಬರೆದ ತವನ್ನು ಒರೆಸದೆ ಹಾಗೇ ನಿಂತಳು. ನನಗೆ ತಲೆ ಕೆಟ್ಟಿತು.

“ಇವತ್ತು ನೀವು ತಿಂಡಿ ತಿಂದ ತಟ್ಟೆ ಯಾರು ತೊಳೆದ್ರು ಸಾರ್?” ಎಂದೆ.

“ನಮ್ಮನೆಯವರು. ಯಾಕೆ?”

“ಅವರ ಬಾಯಿ ಒಳಗೆ ಯಾವತ್ತಾದ್ರೂ ನೋಡಿದ್ದೀರಾ?”

ಅವರ ನಗು ನಿಂತಿತು. ಆದರೆ ಏನು ಬಂತು? ನಿಮ್ಮ ಕೆಲಸ ಮಕ್ಕಳ ಹಲ್ಲು ನೋಡುವುದು, ಅದನ್ನು ಮುಗಿಸಿ ಹೊರಡಿ ಎಂದರು. ಹೊರಟೆ.

ಆ ಮಧ್ಯಾಹ್ನವೇ ದಾಕ್ಷಾಯಿಣಿಯನ್ನು ಕುರ್ಚಿಯಲ್ಲಿ ಕೂರಿಸಿದೆ. ಮುರಿದದ್ದು ಮೇಲಿನ ಭಾಗ, ಬೇರು ಗಟ್ಟಿಯಾಗಿತ್ತು. ಬೇರಿನ ಒಳಗಿನ ಕೊಳೆಯನ್ನು ತೆಗೆದು, ತೊಳೆದು, ತುಂಬಿ, ಮೇಲೆ ಹೊಸ ಹಲ್ಲಿನ ಟೊಪ್ಪಿಗೆ ಕೂರಿಸಿದರೆ ತ ವಾಪಸು ಬರುತ್ತದೆ. ನಾಲ್ಕು ಭೇಟಿಯ ಕೆಲಸ. ಆದರೆ ಅದರ ಪಕ್ಕದ ಹಲ್ಲಿನ ಮೇಲೆ ಸುಣ್ಣದಂಥ ಬಿಳಿಯ ಕಲೆಯೊಂದು ಕಂಡಿತು. ಹುಳುಕು ಶುರುವಾಗುವುದೇ ಹಾಗೆ, ನೋವಿಲ್ಲದೆ. ಅಲ್ಲಿಗೇ ತಡೆದರೆ ಹಲ್ಲು ಮತ್ತೆ ಗಟ್ಟಿಯಾಗುತ್ತದೆ. ತಡೆಯುವವನು ಮಾತ್ರ ಮೈಕ್‌ಸೆಟ್ ಅಂಗಡಿಯಲ್ಲಿದ್ದ.

ಮರುದಿನ ಊಟದ ಹೊತ್ತಿಗೆ ನಾನೇ ಅವರ ಮನೆಗೆ ಹೋದೆ. ಮನೆಯಲ್ಲಿ ಇದ್ದದ್ದು ಮೂರೇ ಜನ, ಮುರಿಗೆಪ್ಪ, ದಾಕ್ಷಾಯಿಣಿ ಮತ್ತು ಅವನ ತಾಯಿ ಗುರವ್ವ. ಗುರವ್ವ ಮೂಲೆಯಲ್ಲಿ ಕೂತು ಹಾಲನ್ನ ಕಲಸುತ್ತಿದ್ದಳು. ಮುರಿಗೆಪ್ಪನ ತಟ್ಟೆಯಲ್ಲಿ ಹೋಳಿಗೆಯ ಮೇಲೆ ಹೋಳಿಗೆ. ನಾನು ಪೀಠಿಕೆ ಹಾಕಲಿಲ್ಲ.

“ನೋಡು ಮುರಿಗೆಪ್ಪ, ಸಿಹಿ ಬಿಟ್ಟೇಬಿಡು ಅಂತ ನಾನು ಹೇಳಲ್ಲ. ಊಟದ ಜೊತೆ ತಿನ್ನು. ದಿನವಿಡೀ ಕೆನ್ನೇಲಿ ಇಟ್ಕೊಂಡು ಚೀಪಬೇಡ. ಮಲಗೋ ಮುಂಚೆ ಬಾಯಲ್ಲಿ ಏನೂ ಇರಬಾರದು, ಎರಡು ನಿಮಿಷ ಬ್ರಷ್ ಹಿಡಿ. ಇಷ್ಟು ಮಾಡಿದ್ರೆ ಅವಳ ಹಲ್ಲು ಉಳಿಯುತ್ತೆ.”

“ನಂಗೆ ನೋವೇ ಇಲ್ವಲ್ಲ ಡಾಕ್ಟ್ರೆ! ನೋವಿಲ್ದೋನು ಯಾಕೆ ಉಜ್ಬೇಕು?”

“ಅವಳಿಗೆ ಐತಲ್ಲ.”

“ನಾನೇನು ಕುಡೀತೀನಾ? ಹೊಡೀತೀನಾ? ಒಂದು ಕಮರಕಟ್ಟು. ಅದ್ರ ಮೇಲೂ ನಿಮ್ ಕಣ್ಣಾ? ಅವ್ಳು ಒಂದಿನಾನಾದ್ರೂ ಬ್ಯಾಡ ಅಂದವ್ಳಾ ಕೇಳಿ.”

“ಅಂದಿದ್ದೆ. ಮೂರು ಸಲ,” ಎಂದಳು ದಾಕ್ಷಾಯಿಣಿ, ಬಾಯಿಗೆ ಕೈ ಅಡ್ಡ ಹಿಡಿದು.

“ಮೈಕಲ್ಲಿ ಹೇಳಿದ್ರೆ ಕೇಳಿಸ್ತಿತ್ತು ಕಣೆ!” ಎಂದು ಮುರಿಗೆಪ್ಪ ತನ್ನ ತಮಾಷೆಗೆ ತಾನೇ ನಕ್ಕ. ಕೆಟ್ಟವನೇನಲ್ಲ ಅವನು. ಕೆಟ್ಟವನಾಗಿದ್ದರೆ ಎರಡು ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ನಗುತ್ತ ನಗುತ್ತ ತಾಯಿಯ ಕಡೆ ಕೈ ತೋರಿಸಿದ. “ಹೆಂಗಸ್ರನ್ನ ನೋಡ್ಕೊಳಲ್ಲ ಅನ್ಬ್ಯಾಡಿ ಮತ್ತೆ. ಅವ್ವನ ಮನೆಹಲ್ಲಿಗೆ ಬೆಳ್ಳಿ ಟೊಪ್ಪಿಗೆ ಹಾಕ್ಸಿದೀನಿ. ಅವ್ವಾ, ತೋರ್ಸು ಡಾಕ್ಟ್ರಿಗೆ.”

ಗುರವ್ವ ತೋರಿಸಲಿಲ್ಲ. ಸೆರಗನ್ನು ಇನ್ನಷ್ಟು ಎಳೆದುಕೊಂಡಳು. ದಾಕ್ಷಾಯಿಣಿ ಬಗ್ಗಿ ಗಂಡನ ತಟ್ಟೆಯನ್ನು, ಅತ್ತೆಯ ತಟ್ಟೆಯನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಗುರವ್ವ ಅವಳ ಬೆನ್ನನ್ನೇ ನೋಡುತ್ತ ಕೂತಿದ್ದಳು.

ಮೂರು ದಿನದ ಮೇಲೆ ಬೆಳಿಗ್ಗೆ ನಾನು ಬಾಗಿಲು ತೆರೆಯುವ ಹೊತ್ತಿಗೆ ಗುರವ್ವ ಮೆಟ್ಟಿಲ ಮೇಲಿದ್ದಳು. ಒಳಗೆ ಬಂದು ಎರಡು ಕುರ್ಚಿಗಳನ್ನೂ ನೋಡಿದಳು. ಬೆಕ್ಕನ್ನು ಹುಶ್ ಎಂದು ಓಡಿಸಿ ಎರಡನೆಯದರ ಮೇಲೆ ಕೂತಳು.

“ಅದು ತಟ್ಟೆಯವರ ಕುರ್ಚಿ ಅಜ್ಜಿ,” ಎಂದೆ.

“ಗೊತ್ತು ಕಣಪ್ಪ. ನನ್ ತಟ್ಟೇನೂ ಅವ್ಳೇ ತೊಳೆಯೋದು. ಹಾಲಿಗೆ ಎರಡು ಚಮಚ ಸಕ್ಕರೆ ಹಾಕ್ಕೊಂಡು ಕುಡಿದೀನಿ, ಹನ್ನೆರಡು ವರ್ಷ. ನಾನೂ ಅವ್ಳ ತಟ್ಟೆಯವ್ಳೇ ಅಲ್ವಾ?”

ಹದಿನಾಲ್ಕು ವರ್ಷಗಳಲ್ಲಿ ಆ ಕುರ್ಚಿಯ ಮೇಲೆ ಕೂತ ಮೊದಲ ಮನುಷ್ಯಳು! ಅವಳು ಎದ್ದು ಮೊದಲನೆಯ ಕುರ್ಚಿಗೆ ಬಂದು ಒರಗಿ ಬಾಯಿ ತೆರೆದಳು. ಬರಿದಾದ ಒಸಡಿನ ನಡುವೆ ಬೆಳ್ಳಿಯ ಟೊಪ್ಪಿಗೆ ಒಂದೇ ಒಂದು ಹೊಳೆಯುತ್ತಿತ್ತು.

“ಇದನ್ನ ಕಿತ್ತಾಕು.”

“ಅಲ್ಲಾಡ್ತಾನೂ ಇಲ್ಲ, ಹುಳುಕೂ ಇಲ್ಲ. ಚೆನ್ನಾಗಿರೋ ಹಲ್ಲನ್ನ ನಾನು ಕೀಳಲ್ಲ ಅಜ್ಜಿ. ನಮ್ಮ ಕಸುಬಿಗೆ ಅದು ದ್ರೋಹ.”

“ಇದು ನನ್ ಬಾಯಾಗೈತೆ ಅಷ್ಟೆ, ನಂದಲ್ಲ. ಮನೇದು. ಇದು ಇರೋತಂಕ ನಾನು ತಟ್ಟೆ ಮುಟ್ಟಿದ್ರೆ ಇನ್ನೊಂದ್ ವರ್ಷ ನನ್ ಬಾಯಿಗೆ ಬರ್ತೈತೆ, ಇದು ಹುಳುಕಾದ್ರೆ ತಟ್ಟೆ ಮತ್ತೆ ಅವ್ಳ ಕೈಗೇ ಕೊಡ್ತಾರೆ. ಬಾಯಿ ಖಾಲಿ ಮಾಡ್ಕೊಂಡು ಮುಟ್ಟಿದ್ರೆ ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ಹೋಗ್ತೈತೆ.”

“ಅವನಿಗೆ ಬಾಯಲ್ಲಿ ಹೇಳಿ ನೋಡಿ ಒಂದ್ಸಲ.”

ಗುರವ್ವ ಕುರ್ಚಿಯಲ್ಲಿ ಎದ್ದು ಕೂತಳು. “ನಿಮ್ಮವ್ವನ ಕೊನೇ ಹಲ್ಲು ಅದಾಗದೇ ಬಿತ್ತು ಅಂತ ತಿಳ್ಕೊಂಡಿದೀಯಾ?” ಎಂದಳು.

ನಾನು ಕೈಯಲ್ಲಿದ್ದ ಟಾರ್ಚನ್ನು ಆರಿಸಿದೆ.

“ನಿಮ್ಮನೆ ಹಿತ್ಲ ಬಾಗ್ಲು. ಬಾಗ್ಲ ಚಿಲಕಕ್ಕೆ ದಾರ ಕಟ್ಟಿದ್ಲು. ಬಾಗ್ಲು ಎಳೆದವ್ಳು ನಾನು. ರಕ್ತ ಉಗುಳಿ ನಕ್ಕು ಏನಂದ್ಲು ಗೊ‌ತ್ತಾ? ನನ್ ಮಗ ಹಲ್ಲಿನ ಡಾಕ್ಟ್ರಾಗವ್ನೆ ಕಣೆ ಗುರವ್ವ, ಹಲ್ಲುನೋವು ಅಂದ್ರೇನು ಅಂತ ಮಾತ್ರ ಅವ್ನಿಗೆ ಗೊತ್ತಿಲ್ಲ ಅಂದ್ಲು.”

“ನನಗೆ ಒಂದು ಮಾತು ಹೇಳಬಹುದಿತ್ತಲ್ಲ,” ಎಂದೆ.

“ಹೇಳಿದ್ರೆ ನೀನು ಅವ್ಳಿಗೆ ಪೇಸ್ಟು ತಂದ್ಕೊಡ್ತಿದ್ದೆ.”

ನಿಜ, ತಂದುಕೊಡುತ್ತಿದ್ದೆ. ಒಳ್ಳೆಯ ಪೇಸ್ಟನ್ನೇ ತಂದುಕೊಡುತ್ತಿದ್ದೆ, ದಿನಕ್ಕೆರಡು ಸಲ ಉಜ್ಜು ಅವ್ವಾ ಎಂದು ಬುದ್ಧಿಯನ್ನೂ ಹೇಳುತ್ತಿದ್ದೆ. ಊರಿನವರನ್ನೆಲ್ಲ ಬೈದುಕೊಂಡು ತಿರುಗಿದ ನನಗೆ ಆ ಮುದುಕಿಯ ಮುಂದೆ ನಾಚಿಕೆಯಾಯಿತು. ಕೈ ತೊಳೆದು ಬಂದೆ. ಜೀವಮಾನದಲ್ಲಿ ಒಂದೇ ಒಂದು ಸಲ, ಕಲಿತದ್ದನ್ನೆಲ್ಲ ಮೀರಿ, ಗಟ್ಟಿಯಾಗಿದ್ದ ಹಲ್ಲೊಂದನ್ನು ಕಿತ್ತೆ. ಸೂಜಿ ಚುಚ್ಚಿದಾಗಲೂ ಗುರವ್ವ ಹ್ಞಾ ಎನ್ನಲಿಲ್ಲ. ಹತ್ತಿ ಕಚ್ಚಿಕೊಂಡು ಎದ್ದವಳು ಬೆಳ್ಳಿಯ ಟೊಪ್ಪಿಗೆಯನ್ನು ಕೇಳಿ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಅದು ಅವನದು, ವಾಪಸು ಕೊಡಬೇಕು ಎಂದು ಸನ್ನೆ ಮಾಡಿದಳು.

ಅಂದಿನಿಂದ ಆ ಮನೆಯ ತಟ್ಟೆಗಳೆಲ್ಲ ಗುರವ್ವನ ಪಾಲಿಗೆ ಹೋದವು. ಸೊಸೆಗೆ ಶಾಲೆ ಐತೆ, ನಂಗೆ ಹೊತ್ತು ಹೋಗಲ್ಲ ಎಂದಳಂತೆ. ತಟ್ಟೆ ಯಾರು ತೊಳೆದರೂ ಮುರಿಗೆಪ್ಪನಿಗೆ ಒಂದೇ. ದಾಕ್ಷಾಯಿಣಿಯ ಹಲ್ಲಿನ ಕೆಲಸವನ್ನು ದಸರೆಯೊಳಗೆ ಮುಗಿಸಿದೆ. ಪಕ್ಕದ ಹಲ್ಲಿನ ಬಿಳಿ ಕಲೆ ಹರಡಲಿಲ್ಲ. ರಜೆ ಮುಗಿದ ಮೇಲೆ ಇನ್‌ಸ್ಪೆಕ್ಟರು ಬಂದರು, ತ ವರ್ಗ ಕೇಳಿದರು, ಸಹಿ ಹಾಕಿ ಹೋದರು. ಈ ಸಲ ನಗುವಾಗ ಅವರೂ ಬಾಯಿಗೆ ಕರ್ಚೀಫು ಹಿಡಿದಿದ್ದರು ಎಂದು ದಾಕ್ಷಾಯಿಣಿ ಹೇಳಿದಳು. ಅದು ನಿಜವೋ ಅವಳ ತಮಾಷೆಯೋ ನಾನು ಕೇಳಲಿಲ್ಲ.

ಸಂಕ್ರಾಂತಿಯ ಮಾರನೆಯ ದಿನ ಮುರಿಗೆಪ್ಪ ಬಂದ. ತಲೆಯಿಂದ ಗದ್ದಕ್ಕೆ ಟವೆಲ್ ಬಿಗಿದಿದ್ದ, ಒಂದು ಕೆನ್ನೆ ಬನ್ನಿನಂತೆ ಊದಿತ್ತು. ಊರಿಗೆಲ್ಲ ಕೇಳುವ ಧ್ವನಿಯವನು ಬಾಗಿಲಲ್ಲಿ ನಿಂತು ಏನೋ ಗೊಣಗಿದ, ನನಗೆ ಅರ್ಥವಾಗಲಿಲ್ಲ. ಮುಷ್ಟಿ ಬಿಚ್ಚಿ ತೋರಿಸಿದ. ಅಂಗೈಯಲ್ಲಿ ಬೆಳ್ಳಿಯ ಟೊಪ್ಪಿಗೆ ಇತ್ತು.

“ತಟ್ಟೇಲಿತ್ತು,” ಎಂದ. “ಎಳ್ಳು ಬೆಲ್ಲದ ಜೊತೆ ಅವ್ವ ಬಡಿಸಿದ್ಲು. ಇದೇನವ್ವಾ ಅಂದೆ. ಬಾಯಿ ತೆಗೆದು ತೋರ್ಸಿದ್ಲು.”

ಅವನನ್ನು ಮೊದಲನೆಯ ಕುರ್ಚಿಯಲ್ಲಿ ಕೂರಿಸಿದೆ. ಎದುರಿನ ಶಾಲೆಯಿಂದ ದಾಕ್ಷಾಯಿಣಿಯ ಧ್ವನಿ, ಅದರ ಹಿಂದೆಯೇ ಮಕ್ಕಳ ಕೂಗು ಕೇಳುತ್ತಿತ್ತು, ತ, ಥ, ದ, ಧ, ನ. ಮುರಿಗೆಪ್ಪನ ದವಡೆ ಹಲ್ಲಿನಲ್ಲಿ ಕಮರಕಟ್ಟಿನಷ್ಟೇ ದೊಡ್ಡ ಗುಳಿ ಬಿದ್ದಿತ್ತು. ಮರಗಟ್ಟಿಸಿ, ಕೀವು ತೆಗೆದು, ತೊಳೆದು, ಔಷಧಿ ಇಟ್ಟು ಮುಚ್ಚಿದೆ. ಇನ್ನೂ ಮೂರು ಸಲ ಬರಬೇಕು ಎಂದೆ. ಕೈಗೊಂದು ಬ್ರಷ್ ಕೊಟ್ಟೆ. ಅದನ್ನು ಯಾವ ಕಡೆ ಹಿಡಿಯಬೇಕೆಂದು ಅವನಿಗೆ ತಿಳಿಯಲಿಲ್ಲ, ಹಿಡಿದು ತೋರಿಸಿದೆ. ಬಾಗಿಲವರೆಗೆ ಹೋದವನು ಕೆನ್ನೆ ಹಿಡಿದುಕೊಂಡು ತಿರುಗಿ ನಿಂತ. ಕಣ್ಣಲ್ಲಿ ನೀರಿತ್ತು.

“ಮದ್ದು ಇಳಿದ್ ಮೇಲೆ ಮತ್ತೆ ನೋವು ಬರ್ತೈತಾ ಡಾಕ್ಟ್ರೆ? ಈ ನೋವನ್ನ ಎಷ್ಟು ದಿನ ತಡ್ಕೊಬೋದು ಮನುಷ್ಯ?”

“ನಿಮ್ಮವ್ವ ಇದಾಳಲ್ಲ, ಹೋಗಿ ಕೇಳು,” ಎಂದೆ. “ನಾನು ನಮ್ಮವ್ವನ್ನ ಕೇಳಲೇ ಇಲ್ಲ.”